ಸಾಂಬಾ ಪಾಠಶಾಲೆಗಳು: ಒಂದು ಆಕ್ಷೇಪಕ್ಕೆ ಸಮಾಧಾನ

ಬ್ರೆಜಿಲ್ ದೇಶದ ರಿಯೋ ದೆ ಜನೈರೊ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರ್ನಿವಲ್ ಉತ್ಸವದ ಚಿತ್ರಗಳನ್ನು ಕಾಣದ ಮನೆಯು ಈಗ ನಮ್ಮಲ್ಲಿ ವಿರಳವೆಂದೇ ಹೇಳಬೇಕು. ಗರಿಗಳ ಕಿರೀಟ, ಬಣ್ಣದ ರಥ, ನಗಾರಿಯ ಶಬ್ದ ಇಷ್ಟನ್ನು ಕಂಡೊಡನೆ ನಮ್ಮ ವಿದ್ಯಾವಂತರು ಎರಡು ತೀರ್ಪುಗಳಲ್ಲಿ ಒಂದನ್ನು ಕೊಟ್ಟುಬಿಡುವರು. 'ಲಜ್ಜೆಗೇಡಿತನ' ಎಂಬುದು ಹಿರಿಯರ ತೀರ್ಪು. 'ಒಳ್ಳೆಯ ಮೋಜು' ಎಂಬುದು ಕಿರಿಯರ ತೀರ್ಪು. ಈ ಮೆರವಣಿಗೆಯನ್ನು ನಡೆಸತಕ್ಕ ಸಂಘಗಳಿಗೆ ಆ ದೇಶದಲ್ಲಿ 'ಎಸ್ಕೋಲ ದೆ ಸಾಂಬಾ', ಎಂದರೆ ಸಾಂಬಾ ಪಾಠಶಾಲೆ, ಎಂದು ಹೆಸರಿರುವುದನ್ನು ತಿಳಿಸಿದರೆ ಈ ಎರಡು ಪಕ್ಷದವರೂ ಒಂದಾಗಿ ನಗುವರು. ಕುಣಿತಕ್ಕೂ ಒಂದು ಶಾಲೆಯೆ? ಅಕ್ಷರವಿಲ್ಲದವರಿಗೆ ಪಾಠಶಾಲೆಯೆಂಬ ಬಿರುದೆ? ಎಂದು ಕೇಳುವರು. ಆಯುಷ್ಯದ ಬಹುಭಾಗವನ್ನು ಕರಿಹಲಗೆಯ ಮುಂದೆ ಕಳೆದವನಾದ ನನಗೆ ಈ ನಗೆಯು ಸಹನವಾಗಲಿಲ್ಲ. ಆ ಹೆಸರು ಸಾರ್ಥಕವಾದುದೆಂದೂ, ಅದನ್ನು ಧರಿಸುವುದಕ್ಕೆ ಆ ಜನರಿಗೆ ಪೂರ್ಣಾಧಿಕಾರವುಂಟೆಂದೂ, ಆ ಶಾಲೆಗಳಿಗೆ ಕೇಡು ಬಂದಿರುವುದಾದರೆ ಅದು ಕುಣಿಯುವವರಿಂದ ಬಂದುದಲ್ಲವೆಂದೂ ಹೇಳುವುದಕ್ಕಾಗಿಯೇ ಲೇಖನಿಯನ್ನು ಹಿಡಿದಿರುವೆನು.

ವಾಚಕರಲ್ಲಿ ಕೆಲವರಿಗೆ ವಿಷಯವು ಹೊಸದಾಗಿರಬಹುದಾದುದರಿಂದ ಮೊದಲು ಎರಡು ಮಾತು. ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ನಲವತ್ತು ದಿನಗಳ ವ್ರತವನ್ನು ಆಚರಿಸುವರಷ್ಟೆ. ಆ ವ್ರತಕ್ಕೆ ಹಿಂದಣ ಕೆಲವು ದಿನಗಳ ಉತ್ಸವವೇ ಕಾರ್ನಿವಲ್. ಇದನ್ನು ಬ್ರೆಜಿಲಿಗೆ ಕೊಂಡೊಯ್ದವರು ಪೋರ್ತುಗೀಸರು. ಸಾಂಬಾ ಎಂಬ ಗಾನನೃತ್ಯವಾದರೋ ಆಫ್ರಿಕಾಖಂಡದಿಂದ ದಾಸರಾಗಿ ತರಲ್ಪಟ್ಟ ಜನರ ಸಂತತಿಯವರದು. ಇವೆರಡೂ ರಿಯೋ ನಗರದ ಬಡಕೇರಿಗಳಲ್ಲಿ ಕೂಡಿದಾಗ ಸಾಂಬಾ ಶಾಲೆಯು ಹುಟ್ಟಿತು. ಇಂದು ಆ ನಗರದ ಅಗ್ರಶ್ರೇಣಿಯಲ್ಲಿ ಹನ್ನೆರಡು ಶಾಲೆಗಳುಂಟು; ಕೆಳಶ್ರೇಣಿಗಳಲ್ಲಿ ಇನ್ನೂ ಅನೇಕ. ಒಂದೊಂದು ಶಾಲೆಯೂ ಪ್ರತಿವರ್ಷ ಒಂದು ಹೊಸ ಕಥಾವಸ್ತುವನ್ನೂ, ಅದಕ್ಕೆ ತಕ್ಕ ಹೊಸ ಹಾಡನ್ನೂ, ವೇಷಗಳನ್ನೂ, ರಥಗಳನ್ನೂ ಸಿದ್ಧಮಾಡಿಕೊಂಡು ಸಾವಿರಗಟ್ಟಲೆ ಜನರೊಡನೆ ಮೆರವಣಿಗೆ ಹೊರಡುವುದು. ನಿರ್ಣಾಯಕರು ಅಂಕಗಳನ್ನು ಕೊಡುವರು. ವ್ರತಾರಂಭದ ಬೂದಿಬುಧವಾರದ ದಿನ ಆ ಅಂಕಗಳನ್ನು ಎಲ್ಲರೆದುರಿಗೆ ಓದಿ ಎಣಿಸುವರು. ಪರೀಕ್ಷೆಯ ಫಲಿತಾಂಶಕ್ಕೆ ನಮ್ಮ ಹುಡುಗರು ಕಾಯುವಂತೆ ಕೇರಿಗೆ ಕೇರಿಯೇ ಕಿವಿಗೊಟ್ಟು ಕಾಯುವುದು.

ಇನ್ನು ಹೆಸರಿನ ವಿಚಾರ. 1928ರಲ್ಲಿ ಎಸ್ಟಾಸಿಯೊ ಎಂಬ ಕೇರಿಯ ಕೆಲವರು ಯುವಕರು ಒಂದು ಮೇಳವನ್ನು ಕಟ್ಟಿ ಅದಕ್ಕೆ 'ದೇಯ್ಷಾ ಫಲಾರ್' ಎಂದು ಹೆಸರಿಟ್ಟರು. 'ಆಡಿಕೊಳ್ಳುವವರು ಆಡಿಕೊಳ್ಳಲಿ ಬಿಡು' ಎಂದು ಅದರ ಅರ್ಥ. (ನಗುವವರಿಗೆ ಉತ್ತರವು ಅಂದೇ ಸಿದ್ಧವಾಗಿದ್ದಿತೆಂದು ಕಾಣುವುದು!) ಆ ಯುವಕರಲ್ಲಿ ಇಸ್ಮಾಯೆಲ್ ಸಿಲ್ವ ಎಂಬ ಕವಿಗಾಯಕನು ಮುಖ್ಯನು. ಕೇರಿಯ ಸಮೀಪದಲ್ಲಿ ಉಪಾಧ್ಯಾಯರನ್ನು ತಯಾರುಮಾಡುವ ನಾರ್ಮಲ್ ಶಾಲೆಯೊಂದಿತ್ತು. ಅಲ್ಲಿಂದ ಮಕ್ಕಳಿಗೆ ಗುರುಗಳು ಹೊರಡುವುದಾದರೆ ತಮ್ಮಲ್ಲಿಂದ ಸಾಂಬಾಕ್ಕೆ ಗುರುಗಳು ಹೊರಡುವರೆಂಬ ಭಾವದಿಂದ ತಾವು ಶಾಲೆಯೆಂಬ ಹೆಸರನ್ನು ತೆಗೆದುಕೊಂಡೆವೆಂದು ಆತನು ಮುಂದೆ ಹೇಳುತ್ತಿದ್ದನು. ಈ ಹೆಸರಿನ ಮೂಲದ ವಿಷಯದಲ್ಲಿ ಬೇರೆ ಅಭಿಪ್ರಾಯಗಳೂ ಉಂಟು. ಆದರೆ ರೂಢಿಯು ಯೋಗಾರ್ಥವನ್ನು ಅಪಹರಿಸುವುದೆಂದು ಶಾಸ್ತ್ರಜ್ಞರು ಹೇಳುವುದುಂಟಷ್ಟೆ. ಇಲ್ಲಿ ರೂಢಿಯೂ ಯೋಗವೂ ಒಂದನ್ನೊಂದು ಬಿಟ್ಟಿಲ್ಲವೆಂಬುದೇ ನನ್ನ ವಾದ.

ಆ ಹೆಸರನ್ನಿಟ್ಟವರು ಯಾರೆಂಬುದನ್ನು ಮರೆಯತಕ್ಕದ್ದಲ್ಲ. ಬ್ರೆಜಿಲಿನಲ್ಲಿ ದಾಸ್ಯವು ಕಾನೂನಿನಿಂದ ರದ್ದಾದುದು 1888ರ ಮೇ 13ರಂದು. ಬಿಡುಗಡೆಯಾದವರಿಗೆ ಭೂಮಿಯನ್ನು ಕೊಡಲಿಲ್ಲ, ಶಾಲೆಯನ್ನು ಕೊಡಲಿಲ್ಲ. 1890ರ ದಂಡಸಂಹಿತೆಯಾದರೋ ಅವರ ಕಪೊಯೇರ ಎಂಬ ಮಲ್ಲವಿದ್ಯೆಯನ್ನೂ, ಕೆಲಸವಿಲ್ಲದೆ ತಿರುಗುವುದನ್ನೂ ಅಪರಾಧಗಳನ್ನಾಗಿ ಮಾಡಿತು. 1891ರ ರಾಜ್ಯಾಂಗವು ಅಕ್ಷರವಿಲ್ಲದವರಿಗೆ ಮತವಿಲ್ಲವೆಂದಿತು. ಆ ಹಕ್ಕು ಅವರಿಗೆ ದೊರೆತುದು 1985ರಲ್ಲಿ! ಅಕ್ಷರವನ್ನು ಕಲಿಸದೆ ಇದ್ದವರೇ ಅಕ್ಷರವಿಲ್ಲವೆಂದು ಶಿಕ್ಷಿಸಿದ ಈ ನ್ಯಾಯಕ್ಕೆ ಏನೆನ್ನಬೇಕು? ಹಾಡುವುದಕ್ಕೂ ಅವರಿಗೆ ನಿರಾತಂಕವಿರಲಿಲ್ಲ. ಜುವಾಂವ್ ದ ಬಯಾನ ಎಂಬ ವಾದ್ಯಗಾರನ ಪಾಂಡೇರೊವನ್ನು (ನಮ್ಮ ಖಂಜಿರವನ್ನು ಹೋಲುವ ವಾದ್ಯ) 1908ರಲ್ಲಿ ಪೊಲೀಸರು ಕಿತ್ತುಕೊಂಡರು. ಪಿನೇರೊ ಮಶಾದೊ ಎಂಬ ಪ್ರಬಲನಾದ ಸೆನೆಟರನು ತನ್ನ ಹೆಸರನ್ನು ಬರೆಯಿಸಿ ಬೇರೊಂದನ್ನು ಕೊಟ್ಟ ಮೇಲೆ ಅದೇ ಆತನಿಗೆ ರಕ್ಷೆಯಾಯಿತು. ಬಯಾ ಪ್ರಾಂತದಿಂದ ಬಂದ ತೀಯಾ ಸಿಯಾತ ಎಂಬ ವೃದ್ಧೆಯ ಮನೆಯಂತಹ ಕೆಲವೇ ಮನೆಗಳಲ್ಲಿ ಸಾಂಬಾವು ತಲೆಮರೆಸಿಕೊಂಡು ಬೆಳೆಯಿತು. ಯಾವ ಸರ್ಕಾರದ ಶಾಲೆಯ ಬಾಗಿಲೂ ಯಾರಿಗೆ ತೆರೆಯಲಿಲ್ಲವೋ, ಅವರು ತಮ್ಮ ಅಂಗಳಕ್ಕೆ ಶಾಲೆಯೆಂದು ಹೆಸರಿಟ್ಟರು. ಇದರಲ್ಲಿ ನಗೆಗೆ ಎಡೆಯೆಲ್ಲಿ?

'ಹೆಸರಿಟ್ಟರೇನು, ಅಲ್ಲಿ ಕಲಿಸುವುದು ಏನು?' ಎಂದು ಕೇಳಬಹುದು. ಕೇಳಲಿ. ನಾನು ಪಾಠಶಾಲೆಯಲ್ಲಿ ಓದಿದ ಕಾಲದಲ್ಲಿ ಗುರುಗಳ ಬಾಯಿಂದ ಬಂದುದನ್ನು ಕಿವಿಯಿಂದ ತೆಗೆದುಕೊಂಡು, ಸ್ವರವು ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿನಿಂದ ಹೇಳುತ್ತಿದ್ದೆವು. ಪುಸ್ತಕವಿಲ್ಲದುದರಿಂದ ಅದು ವಿದ್ಯೆಯಲ್ಲವೆಂದು ಯಾರೂ ಹೇಳಲಿಲ್ಲ. ಸಾಂಬಾ ಶಾಲೆಯ ವಾದ್ಯವೃಂದದಲ್ಲಿ ಇನ್ನೂರೈವತ್ತು ಮುನ್ನೂರು ಜನರಿರುವರು. ಅವರಿಗೆ ಸ್ವರಲಿಪಿಯ ಅಗತ್ಯವಿಲ್ಲ. 'ಸುರ್ದು' ಎಂಬ ದೊಡ್ಡ ಭೇರಿಗಳಲ್ಲಿ ಮೂರು ವಿಧ: ಮೊದಲನೆಯದು ಪ್ರಶ್ನೆಯಂತೆ ಒಂದು ಪೆಟ್ಟು ಕೊಡುವುದು, ಎರಡನೆಯದು ಉತ್ತರ ಕೊಡುವುದು, ಮೂರನೆಯದು ಆ ಎರಡರ ನಡುವಿನ ಅವಕಾಶವನ್ನು ಚಮತ್ಕಾರವಾಗಿ ತುಂಬುವುದು. ಇವುಗಳ ಮೇಲೆ ಕೈಶ, ತಾಂಬೊರೀಂ, ಅಗೊಗೊ, ನರಳುವಂತೆ ಧ್ವನಿಗೈಯುವ ಕುಯೀಕ ಮುಂತಾದ ವಾದ್ಯಗಳು. ಕೈಶವನ್ನು ಬಾರಿಸುವ ರೀತಿಯು ಶಾಲೆಯಿಂದ ಶಾಲೆಗೆ ಬೇರೆ. ಮಂಗೇರ ಎಂಬ ಪ್ರಸಿದ್ಧ ಶಾಲೆಯ ವೃಂದದಲ್ಲಿ ಉತ್ತರ ಕೊಡುವ ಎರಡನೆಯ ಸುರ್ದು ಇಲ್ಲವೇ ಇಲ್ಲ. ಬಲ್ಲವರು ಕಣ್ಣುಮುಚ್ಚಿಕೊಂಡು ಕೇಳಿದರೂ ಇದು ಮಂಗೇರವೆಂದು ಹೇಳಬಲ್ಲರು. ಶಾಖಾಭೇದವೆಂದು ನಾವು ಯಾವುದನ್ನು ಗೌರವದಿಂದ ಕರೆಯುವೆವೋ ಇದು ಅದೇ ಅಲ್ಲವೆ? ಮುನ್ನೂರು ಜನರ ಮುಂದೆ ನಿಂತು ಕೈಸನ್ನೆಯಿಂದಲೇ ನಡೆಸತಕ್ಕವನಿಗೆ 'ಮೆಸ್ತ್ರೆ' ಎಂದು ಹೆಸರು. ಈ ಪೋರ್ತುಗೀಸ್ ಶಬ್ದವೇ ನಮ್ಮ ನಾಡಿಗೂ ಬಂದು 'ಮೇಸ್ತ್ರಿ'ಯಾಗಿ ಗಾರೆಕೆಲಸದವರ ನಡುವೆ ನಿಂತಿರುವುದು.

ಹಾಗೆಯೇ 'ಮಂಗೇರ' ಎಂದರೆ ಮಾವಿನ ಮರವೆಂದು ಅರ್ಥ. ಮರವನ್ನೂ ಅದರ ಹೆಸರನ್ನೂ ಪೋರ್ತುಗೀಸರು ಒಯ್ದುದು ನಮ್ಮ ಈ ಪಶ್ಚಿಮತೀರದ ಕಡೆಯಿಂದಲೇ. ಆ ಮಾವಿನ ಗುಡ್ಡದ ಶಾಲೆಯನ್ನು 1928ರಲ್ಲಿ ಸ್ಥಾಪಿಸಿದವರಲ್ಲಿ ಕಾರ್ತೋಲನು ಒಬ್ಬನು. ಆತನು ಗಾರೆಕೆಲಸದವನು. ತಲೆಗೆ ಸಿಮೆಂಟು ಬೀಳದಿರಲೆಂದು ಟೋಪಿ ಹಾಕಿಕೊಳ್ಳುತ್ತಿದ್ದುದರಿಂದ ಆತನಿಗೆ ಟೋಪಿಯೆಂಬ ಅರ್ಥದ ಈ ಅಡ್ಡಹೆಸರು ಬಂದಿತು. ದೊಡ್ಡ ಭೇರಿಯನ್ನು ಸಾಂಬಾಕ್ಕೆ ತಂದವನೆಂದು ಹೇಳುವ ಅಲ್ಸೆಬಿಯಾದೆಸ್ ಬಾರ್ಸೆಲೋಸನು ಜೋಡು ಹೊಲಿಯುವವನು. ಬೆಣ್ಣೆಯ ದೊಡ್ಡ ಡಬ್ಬಕ್ಕೆ ತೊಗಲು ಬಿಗಿದು ಅದನ್ನು ಮಾಡಿದನೆಂದು ಪ್ರತೀತಿ. ಪೊರ್ತೆಲ ಎಂಬ ಶಾಲೆಯ ನಾಯಕನಾದ ಪಾಲೊ ಮರಕ್ಕೆ ಮೆರುಗು ಕೊಡುವವನು. ಆತನು ತನ್ನವರಿಗೆ ವಿಧಿಸಿದ ನಿಯಮವೇನೆಂದರೆ, ಕಾಲೂ ಕೊರಳೂ ಬರಿದಾಗಿರಕೂಡದು. ಕಾಲಿಗೆ ಜೋಡು, ಕೊರಳಿಗೆ ಟೈ. ಪೋಕರಿಗಳೆಂದು ಪೊಲೀಸರು ಹಿಡಿಯದಿರುವುದಕ್ಕೂ, ತಮ್ಮನ್ನು ತಾವು ಗೌರವಿಸಿಕೊಳ್ಳುವುದಕ್ಕೂ ಇದು ಬೇಕಾಗಿದ್ದಿತು. ಸಮವಸ್ತ್ರದ ಶಿಸ್ತಿನ ವಿಷಯವಾಗಿ ಹೆಡ್‌ಮಾಸ್ತರರು ಎಷ್ಟು ಸುತ್ತೋಲೆಗಳನ್ನು ಹೊರಡಿಸಿದರೂ ಇಷ್ಟು ಅರ್ಥವತ್ತಾದುದನ್ನು ನಾನು ಕಂಡಿಲ್ಲ.

ಧ್ವಜವನ್ನು ಹಿಡಿದು ನಡೆಯುವ ಸ್ತ್ರೀಯನ್ನೂ ಆಕೆಯ ಸುತ್ತ ನರ್ತಿಸುತ್ತ ಧ್ವಜವನ್ನು ಕಾಯುವ ಪುರುಷನನ್ನೂ ನೋಡಿದವರು ಲಜ್ಜೆಗೇಡಿತನವೆಂಬ ಮಾತನ್ನು ಆಡಲಾರರು. ಯೂರೋಪಿನ ಅರಮನೆಗಳ ನೃತ್ಯದ ಗಾಂಭೀರ್ಯವನ್ನು ದಾಸರ ಮಕ್ಕಳು ತಮ್ಮದನ್ನಾಗಿ ಮಾಡಿಕೊಂಡ ಬಗೆ ಅದು. ಆ ಜೋಡಿಯು ಸಾಂಬಾದ ಹೆಜ್ಜೆಗಳನ್ನೇ ಹಾಕತಕ್ಕದ್ದಲ್ಲ. ಧ್ವಜವು ಸುತ್ತಿಕೊಂಡರೆ ಅಂಕಗಳು ಹೋದುವು. ಇದನ್ನು ಮಕ್ಕಳಿಗೆ ಕಲಿಸುವುದಕ್ಕಾಗಿಯೇ ಮನೊಯೆಲ್ ದಿಯೊನಿಸಿಯೊ ಎಂಬಾತನು 1990ರಲ್ಲಿ ಬೇರೆ ಶಾಲೆಯೊಂದನ್ನು ತೆರೆದನು. ಇಂಪೇರಿಯೊ ಸೆರ್ರಾನೊ ಎಂಬ ಶಾಲೆಯ ಆಶ್ರಯದಲ್ಲಿ 1983ರಲ್ಲಿಯೂ, ಮಂಗೇರದಲ್ಲಿ 1987ರಲ್ಲಿಯೂ ಮಕ್ಕಳ ಸಾಂಬಾ ಶಾಲೆಗಳು ಹುಟ್ಟಿದುವು. ವೃದ್ಧಸ್ತ್ರೀಯರ ಸ್ಥಾನವನ್ನೂ ಇಲ್ಲಿ ಹೇಳಬೇಕು. ಅಗಲವಾದ ಲಂಗವನ್ನುಟ್ಟು ತಿರುಗುತ್ತ ಸಾಗುವ 'ಬಯಾನ'ರ ಪಂಕ್ತಿಯಿಲ್ಲದೆ ಯಾವ ಶಾಲೆಯೂ ಮೆರವಣಿಗೆ ಹೊರಡುವಂತಿಲ್ಲ, ಇದು ನಿಯಮ. ಅಜ್ಜಿಯರನ್ನು ಮುಂದಿಟ್ಟುಕೊಳ್ಳದ ಶಾಲೆಯನ್ನು ಸ್ಪರ್ಧೆಗೆ ಸೇರಿಸದ ಜನರು ಲಜ್ಜೆಗೇಡಿಗಳೋ? ಅಂಕಗಳನ್ನು ಕೊಡುವ ವಿಷಯಗಳು ಒಂಬತ್ತು. ವಾದ್ಯ, ಹಾಡು, ಕಥಾವಸ್ತು, ವೇಷ, ರಥ ಇತ್ಯಾದಿ. ಮೈಬಣ್ಣಕ್ಕೂ ಮೈಮಾಟಕ್ಕೂ ಅಂಕವಿಲ್ಲ. ಎಲ್ಲೆ ಮೀರಿದ ನಗ್ನತೆಯನ್ನು ನಿಯಮಾವಳಿಯೇ ನಿಷೇಧಿಸಿದೆ. ಛಾಯಾಚಿತ್ರಗಾರನು ಸಾವಿರಾರು ಜನರಲ್ಲಿ ಹತ್ತು ಜನರನ್ನು ಆರಿಸಿ ನಮಗೆ ಕಳುಹಿಸಿದರೆ ಅದು ಅವನ ಕಣ್ಣಿನ ಗುಣ. ಈ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ಕಾಗದವನ್ನು ವೆಚ್ಚಮಾಡಲಾರೆ.

ಶಾಲೆಯೆಂಬ ಹೆಸರಿಗೆ ನಿಜವಾದ ಆಧಾರವು ಕಥಾವಸ್ತುವಿನಲ್ಲಿದೆ. ಪ್ರತಿವರ್ಷವೂ ಒಂದು ವಿಷಯವನ್ನು ಗೊತ್ತುಮಾಡಿ, ಅದರ ಸಾರಾಂಶವನ್ನು ಬರೆಯಿಸಿ ಹಾಡುಗಾರರಿಗೆ ಕೊಡುವರು. ಅವರು ಹಾಡುಗಳನ್ನು ಕಟ್ಟಿ ತರುವರು. ಶಾಲೆಯ ಅಂಗಳದಲ್ಲಿ ವಾರಗಟ್ಟಲೆ ಪರೀಕ್ಷೆ ನಡೆದು ಒಂದು ಹಾಡು ಉಳಿಯುವುದು; ಅಂದಿನಿಂದ ಅಡಿಗೆಯವಳೂ ಬಸ್ಸು ನಡೆಸುವವನೂ ಶಾಲೆಗೆ ಹೋಗುವ ಮಗುವೂ ಅದನ್ನೇ ಹಾಡುವರು. ಇತಿಹಾಸವು ಬಾಯಿಗೆ ಬರುವುದೆಂದರೆ ಹೀಗೆ. ಆ ಇತಿಹಾಸವು ಯಾರದಾಗಿರಬೇಕೆಂಬ ವಿಷಯದಲ್ಲಿ ಹೋರಾಟವೇ ನಡೆದಿದೆ. 1932ರಲ್ಲಿ ಒಂದು ವೃತ್ತಪತ್ರಿಕೆಯು ಮೊದಲ ಸ್ಪರ್ಧೆಯನ್ನು ಏರ್ಪಡಿಸಿತು. 1935ರಲ್ಲಿ ಸರ್ಕಾರವು ಶಾಲೆಗಳಿಗೆ ಮನ್ನಣೆ ಕೊಟ್ಟಿತು. ಕೊಟ್ಟ ಕೈಯೇ ಕೊರಳನ್ನೂ ಹಿಡಿಯಿತು. ಅಧ್ಯಕ್ಷ ವಾರ್ಗಾಸನ ಕಾಲದಲ್ಲಿ ಸೇನಾನಿಗಳ, ಸಾಮ್ರಾಜ್ಯದ, ರಾಷ್ಟ್ರವೈಭವದ ಸ್ತೋತ್ರಗಳನ್ನೇ ಹಾಡಬೇಕಾಯಿತು. 1960ರಲ್ಲಿ ಸಾಲ್ಗೇರೊ ಎಂಬ ಶಾಲೆಯು ಪಾಲ್ಮಾರೆಸ್ ಎಂಬ ದುರ್ಗದ ಕಥೆಯನ್ನು ತೆಗೆದುಕೊಂಡಿತು. ತಪ್ಪಿಸಿಕೊಂಡ ದಾಸರು ಕಾಡಿನಲ್ಲಿ ಕಟ್ಟಿದ ರಾಜ್ಯವದು. ಅದರ ನಾಯಕನಾದ ಜುಂಬಿಯನ್ನು 1695ರಲ್ಲಿ ಕೊಂದರು. ಅಂದಿನವರೆಗೆ ಬಿಳಿಯ ಅರಸರ ವೇಷ ಹಾಕಿಕೊಂಡು ಬಂದ ಕರಿಯರು ಆ ರಾತ್ರಿ ತಮ್ಮ ಪಿತೃಗಳಾಗಿ ಬಂದರು. ಸೈನ್ಯಾಧಿಕಾರದ ಕಾಲದಲ್ಲಿ, 1969ರಲ್ಲಿ, ಇಂಪೇರಿಯೊ ಸೆರ್ರಾನೊ ಶಾಲೆಯು ಸ್ವಾತಂತ್ರ್ಯವೀರರನ್ನು ಕುರಿತು ಹಾಡು ಕಟ್ಟಿದಾಗ, ಅದರಲ್ಲಿದ್ದ 'ಕ್ರಾಂತಿ' ಎಂಬರ್ಥದ ಶಬ್ದಕ್ಕೆ ತಲೆಯ ಅಕ್ಷರವನ್ನು ಕತ್ತರಿಸಿ 'ವಿಕಾಸ'ವನ್ನಾಗಿ ಮಾಡಬೇಕಾಯಿತು. ಒಂದಕ್ಷರಕ್ಕೆ ಅಷ್ಟು ಹೆದರಿದವರು ಆ ಹಾಡನ್ನು ಮೋಜೆಂದು ತಿಳಿದಿರಲಿಲ್ಲ. ಈ ಮಟ್ಟಿಗೆ ಅವರ ವಿವೇಕವು ನಮ್ಮ ವಿದ್ಯಾವಂತರದಕ್ಕಿಂತ ಮೇಲು. 2019ರಲ್ಲಿ ಮಂಗೇರವು ಪಠ್ಯಪುಸ್ತಕಗಳು ಬಿಟ್ಟ ಮೂಲನಿವಾಸಿಗಳನ್ನೂ ಕರಿಯರನ್ನೂ ಹೆಂಗಸರನ್ನೂ ಹೆಸರು ಹೇಳಿ ಹಾಡಿತು. ಹಿಂದಿನ ವರ್ಷ ಗುಂಡಿಗೆ ಬಲಿಯಾದ ನಗರಸಭಾ ಸದಸ್ಯೆ ಮರಿಯೆಲೆ ಫ್ರಾಂಕೊ ಆ ಸಾಲಿನಲ್ಲಿ ಒಬ್ಬಳು. ರಾಷ್ಟ್ರಧ್ವಜವನ್ನು ಶಾಲೆಯ ಹಸಿರು ಗುಲಾಬಿ ಬಣ್ಣಗಳಲ್ಲಿ ಮಾಡಿ, ಅದರ ಮೇಲಿನ ಧ್ಯೇಯವಾಕ್ಯದ ಸ್ಥಳದಲ್ಲಿ ಮೂಲನಿವಾಸಿಗಳು, ಕರಿಯರು, ಬಡವರು ಎಂದು ಬರೆದರು. ಆ ವರ್ಷದ ಪ್ರಥಮಸ್ಥಾನವೂ ಅದಕ್ಕೇ ಬಂದಿತು.

ದೋಷಗಳೇ ಇಲ್ಲವೆಂದು ನಾನು ಹೇಳುವವನಲ್ಲ. ದೋನ ಇವೊನೆ ಲಾರ ಎಂಬ ಕವಯಿತ್ರಿಯು ದಾದಿಯಾಗಿ ದುಡಿಯುತ್ತ ಹಾಡುಗಳನ್ನು ಕಟ್ಟುತ್ತಿದ್ದಳು. ಹೆಂಗಸಿನ ಹಾಡನ್ನು ಒಪ್ಪಲಾರರೆಂದು ಅವುಗಳನ್ನು ಮೊದಲಲ್ಲಿ ಬಂಧುವೊಬ್ಬನ ಹೆಸರಿನಲ್ಲಿ ಹಾಡಿಸಬೇಕಾಗಿತ್ತು. 1965ರಲ್ಲಿ ಮಾತ್ರ ಆಕೆಯ ಹೆಸರೂ ಮೆರವಣಿಗೆಯ ಹಾಡಿನ ಕರ್ತೃಗಳೊಡನೆ ಸೇರಿತು. ಇದು ಶಾಲೆಯ ಒಳಗಿನ ಪಾಪ. ಹೊರಗಿನ ಪಾಪವು ದೊಡ್ಡದು. ಇಸ್ಮಾಯೆಲ್ ಸಿಲ್ವನ ಮತ್ತು ಕಾರ್ತೋಲನ ಹಾಡುಗಳನ್ನು ಆ ಕಾಲದ ಪ್ರಖ್ಯಾತ ಗಾಯಕ ಫ್ರಾಂಸಿಸ್ಕೊ ಆಲ್ವೆಸನು ದುಡ್ಡು ಕೊಟ್ಟು ಕೊಂಡನು. ಕಾರ್ತೋಲನು ಕಡೆಗೆ ಮೋಟಾರುಕಾರುಗಳನ್ನು ತೊಳೆಯುತ್ತಿದ್ದಾಗ ಪತ್ರಿಕಾಕರ್ತನೊಬ್ಬನು ಗುರುತಿಸಿದನಂತೆ. ಆತನ ಸ್ವಂತ ಧ್ವನಿಮುದ್ರಿಕೆ ಹೊರಬಂದುದು 1974ರಲ್ಲಿ, ಅರುವತ್ತೈದು ವರ್ಷ ದಾಟಿದ ಮೇಲೆ.

ಆಮೇಲೆ ಜೂಜುಕೋರರು. 1892ರಲ್ಲಿ ಒಬ್ಬ ಸಾಹುಕಾರನು ತನ್ನ ಮೃಗಾಲಯಕ್ಕೆ ಜನ ಬರಲೆಂದು ಹೂಡಿದ ಪ್ರಾಣಿಚಿತ್ರಗಳ ಲಾಟರಿಯು ಕಾನೂನುಬಾಹಿರವಾದ ದೊಡ್ಡ ಜೂಜಾಗಿ ಬೆಳೆಯಿತು. ಅದರ ಯಜಮಾನರು ಶಾಲೆಗಳಿಗೆ ಹಣ ಸುರಿದು ಪೋಷಕರೆನಿಸಿಕೊಂಡರು. 1984ರಲ್ಲಿ ಹತ್ತು ದೊಡ್ಡ ಶಾಲೆಗಳು ಕೂಡಿ ಸಂಯುಕ್ತಸಂಘವನ್ನು ಕಟ್ಟಿದಾಗ ಅದರ ಮೊದಲ ಅಧ್ಯಕ್ಷನು ಅಂಥ ಯಜಮಾನರಲ್ಲೊಬ್ಬನಾದ ಕಾಸ್ತೋರ್ ದೆ ಅಂದ್ರಾದೆ. 1993ರಲ್ಲಿ ನ್ಯಾಯಾಧೀಶೆ ದೆನಿಸೆ ಫ್ರೊಸಾರ್ಡಳು ಅಂತಹ ಹದಿನಾಲ್ವರಿಗೆ ಸೆರೆಮನೆಯ ಶಿಕ್ಷೆಯನ್ನು ವಿಧಿಸಿದಳು. ಈ ಕಳಂಕವನ್ನು ಮರೆಸುವವರ ಪಕ್ಷ ನನ್ನದಲ್ಲ. ಆದರೆ ಧರ್ಮಶಾಲೆಯನ್ನು ಕಳ್ಳನು ಕಟ್ಟಿಸಿದರೆ ಅಲ್ಲಿ ಮಲಗಿದ ಯಾತ್ರಿಕನನ್ನು ಕಳ್ಳನೆನ್ನುವುದು ಯಾವ ನ್ಯಾಯ? ಶಾಲೆಯವರಲ್ಲೇ ಕೆಲವರು ಹಣದ ದರ್ಬಾರನ್ನು ಕಂಡು ಸಿಡಿದೆದ್ದರು. ಪೊರ್ತೆಲದ ಹಿರಿಯ ಹಾಡುಗಾರ ಕಾಂದೇಯನು, ಗುಂಡಿನ ಪೆಟ್ಟಿನಿಂದ ಕಾಲು ಸತ್ತು ಗಾಲಿಕುರ್ಚಿಯಲ್ಲಿ ಕುಳಿತವನು, 1975ರಲ್ಲಿ ಹೊರಬಿದ್ದು 'ಕಿಲೊಂಬೊ' ಎಂಬ ಬೇರೆ ಶಾಲೆಯನ್ನು ಕಟ್ಟಿದನು. 1984ರಲ್ಲಿ ಶಿಲ್ಪಿ ನೀಮಯರನ ಯೋಜನೆಯಂತೆ ಮೆರವಣಿಗೆಗಾಗಿ ಏಳುನೂರು ಮೀಟರ್ ಉದ್ದದ ಶಾಶ್ವತ ಬೀದಿಯೂ ಪ್ರೇಕ್ಷಕರ ಮೆಟ್ಟಿಲುಗಳೂ ಸಿದ್ಧವಾದುವು. ಆ ಮೆಟ್ಟಿಲುಗಳ ಕೆಳಗೆ ವರ್ಷದ ಉಳಿದ ದಿನಗಳಲ್ಲಿ ಮಕ್ಕಳ ಪಾಠ ನಡೆಯಲೆಂದು ತರಗತಿಯ ಕೋಣೆಗಳನ್ನು ಕಟ್ಟಿದ್ದರು. ಬರೆದವರ ಶಾಲೆಯೂ ಹಾಡಿದವರ ಶಾಲೆಯೂ ಒಂದೇ ಕಟ್ಟಡದಲ್ಲಿ! ಆದರೆ ಧನಿಕರ ಕೋಣೆಗಳೂ, ದೂರದರ್ಶನದ ಹೊತ್ತುಗೊತ್ತೂ ಬಂದು ಸೇರಿ, ಹಾಡು ಕಟ್ಟಿದ ಗುಡ್ಡದ ಜನರಿಗೇ ಒಳ್ಳೆಯ ಆಸನವು ಎಟುಕದಂತಾಯಿತು.

ಈಗ ಪಟ್ಟಣಾಧ್ಯಕ್ಷರ ಆಕ್ಷೇಪ. ಇದು ಎಲ್ಲಕ್ಕಿಂತ ಸಭ್ಯವಾದ ವೇಷದಲ್ಲಿ ಬಂದುದರಿಂದ ಹೆಚ್ಚು ಅಪಾಯಕರವಾದುದು. ಧರ್ಮಬೋಧಕರೂ ಆದ ಮಾರ್ಸೆಲೊ ಕ್ರಿವೆಲ್ಲ ಎಂಬವರು ರಿಯೋದ ಮೇಯರಾಗಿದ್ದಾಗ, 2017ರಲ್ಲಿ, ಒಂದೊಂದು ಶಾಲೆಗೆ ನಗರಸಭೆಯು ಕೊಡುತ್ತಿದ್ದ ಇಪ್ಪತ್ತು ಲಕ್ಷ ರಿಯಾಲಿನ ಸಹಾಯವನ್ನು ಅರ್ಧಕ್ಕಿಳಿಸಿದರು. ಆ ಹಣವು ಶಿಶುವಿಹಾರಗಳಿಗೆ ಬೇಕೆಂಬುದು ಅವರು ಕೊಟ್ಟ ಕಾರಣ. 2020ರ ಉತ್ಸವದ ಹೊತ್ತಿಗೆ ದೊಡ್ಡ ಶಾಲೆಗಳಿಗೆ ಏನೂ ಉಳಿಯಲಿಲ್ಲ. ಶಿಶುಗಳ ಹೆಸರನ್ನೆತ್ತಿದರೆ ಯಾರು ಎದುರಾಡುವರು? ನಾನು ಆಡುತ್ತೇನೆ. ಶಿಶುವಿಹಾರಕ್ಕೆ ಹಣವು ಬೇಕಾದರೆ ಆ ಮಗುವಿನ ಅಜ್ಜಿಯ ಲಂಗದಿಂದಲೇ ಕತ್ತರಿಸಿ ಕೊಡಬೇಕೆ? ಪ್ರವಾಸಿಗಳಿಂದ ಹೋಟೆಲುಗಳಿಗೂ ವಿಮಾನಗಳಿಗೂ ಬರುವ ಲಾಭವು ಹಾಗೆಯೇ ಇರಲಿ, ಆ ಲಾಭಕ್ಕೆ ಕಾರಣವಾದವರ ಬಟ್ಟಲು ಮಾತ್ರ ಬರಿದಾಗಲಿ ಎಂಬುದು ಮಿತವ್ಯಯವಲ್ಲ. ಆ ಹಣವು ಹೋಗುವುದು ರಥ ಕಟ್ಟುವ ಬಡಗಿಗೆ, ಕಬ್ಬಿಣ ಬೆಸೆಯುವವನಿಗೆ, ಹಗಲಿರುಳು ಹೊಲಿಯುವ ಹೆಂಗಸರಿಗೆ, ಚಲಿಸುವ ಬೊಂಬೆಗಳನ್ನು ಮಾಡಲು ಅಮೆಜಾನ್ ತೀರದ ಪರಿಂತಿನ್ಸಿನಿಂದ ಬರುವ ಕುಶಲರಿಗೆ. ಅವರಿಗೂ ಶಿಶುಗಳಿವೆ. ನಿಜವಾದ ಕಾರಣವು ಬೇರೆಯೆಂದು ಅಲ್ಲಿಯ ಅನೇಕರು ಶಂಕಿಸಿದರು. ಆಫ್ರಿಕದ ದೇವತೆಗಳ ನೆನಪನ್ನು ಹೊತ್ತ ಈ ಭೇರಿಯನ್ನು ಆ ಧರ್ಮಬೋಧಕರ ಪಂಥವು ಸೈತಾನನದೆಂದು ತಿಳಿದಿರುವುದೇ ಇದಕ್ಕೆ ಮೂಲ. 2018ರಲ್ಲಿ ಮಂಗೇರವು ಮೇಯರನ್ನು ಜೂದಾಸನ ಬೊಂಬೆಯನ್ನಾಗಿ ಮಾಡಿ ಮೆರೆಯಿಸಿತು. ಸೈತಾನನೆಂದು ಅನೇಕರು ಹೀಗಳೆಯುವ ಎಶು ಎಂಬ ದೇವತೆಯನ್ನೇ ಕಥಾವಸ್ತುವಾಗಿಟ್ಟುಕೊಂಡು ಗ್ರಾಂದೆ ರಿಯೊ ಎಂಬ ಶಾಲೆಯು 2022ರಲ್ಲಿ ಗೆದ್ದಿತು.

'ಏನೇ ಹೇಳಿ, ಈಗ ಎಲ್ಲವೂ ಹಣಕ್ಕಾಗಿ, ಗೆಲವಿಗಾಗಿ' ಎಂಬ ಕಡೆಯ ಮಾತೊಂದು ಉಳಿದಿದೆ. ಇದಕ್ಕೆ ತರ್ಕವು ಬೇಡ. 2011ರ ಫೆಬ್ರವರಿ 7ರಂದು, ಉತ್ಸವಕ್ಕೆ ಒಂದೇ ತಿಂಗಳಿರುವಾಗ, ರಥಗಳನ್ನು ಕಟ್ಟುವ ಕರ್ಮಶಾಲೆಗಳಿಗೆ ಬೆಂಕಿಬಿದ್ದಿತು. ಪೊರ್ತೆಲ, ಉನಿಯಾಂವ್ ದ ಇಲ್ಯ, ಗ್ರಾಂದೆ ರಿಯೊ ಈ ಮೂರು ಶಾಲೆಗಳ ವರ್ಷದ ದುಡಿಮೆಯು ಬಹುಮಟ್ಟಿಗೆ ಬೂದಿಯಾಯಿತು. ಅವುಗಳನ್ನು ಆ ವರ್ಷ ಸ್ಪರ್ಧೆಯ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲವೆಂದು ನಿರ್ಣಯವಾಯಿತು. ಅಂಕಗಳಿರಲಿಲ್ಲ, ಗೆಲವು ಇರಲಿಲ್ಲ. ಉಳಿದ ದಿನಗಳಲ್ಲಿ ಮತ್ತೆ ಹೊಲಿದು, ಮತ್ತೆ ಬೆಸೆದು, ಮೂರು ಶಾಲೆಗಳೂ ತಮ್ಮ ಸರದಿಯ ರಾತ್ರಿ ಧ್ವಜವನ್ನೆತ್ತಿಕೊಂಡು ಆ ಬೀದಿಯಲ್ಲಿ ಹಾಡುತ್ತ ನಡೆದುವು.